ಅಂಬಾಸಿಡರ್‌ನ ಒಳಗಿನ ಸ್ಕ್ರೂಗಳು: ಯಾವುದು ಎಲ್ಲಿಗೆ?

ಪ್ರಶ್ನೆ: ನಮ್ಮ ಮಾವನವರ 1968ರ ಅಂಬಾಸಿಡರ್ ಮಾರ್ಕ್ 2 ಗಾಡಿಯನ್ನು ಹಳೆಯ ರೂಪಕ್ಕೆ ತರಿಸುತ್ತಿದ್ದೇನೆ. ಪೇಂಟ್‌ಗೆ ಬಿಡುವಾಗ ಹುಡುಗರು ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ), ಸಿಲ್ ಪ್ಲೇಟ್ (ಬಾಗಿಲ ಹೊಸ್ತಿಲ ಪಟ್ಟಿ), ಡ್ಯಾಶ್‌ಬೋರ್ಡ್ ಎಲ್ಲ ಬಿಚ್ಚಿ ಸ್ಕ್ರೂಗಳನ್ನು ಒಂದೇ ಡಬ್ಬಕ್ಕೆ ಸುರಿದಿದ್ದಾರೆ. ಕೆಲವು ಮೈನಸ್, ಕೆಲವು ಸ್ಟಾರ್, ಕೆಲವು ಕಪ್ಪು ಜಿಪ್ಸಮ್ ಸ್ಕ್ರೂ. ನಾಲ್ಕೈದು ಸಣ್ಣ ಹಿತ್ತಾಳೆ ಸ್ಕ್ರೂ ಎಲ್ಲೂ ಕೂರುತ್ತಿಲ್ಲ. ಒರಿಜಿನಲ್ ಯಾವುದು ಎಂದು ಗುರುತಿಸುವುದು ಹೇಗೆ ಸರ್? ಎಲ್ಲ ಕಡೆ ಸ್ಟೈನ್‌ಲೆಸ್ ಹಾಕಿಬಿಟ್ಟರೆ ಆಗುತ್ತಾ?

ಉತ್ತರ: ಮೊದಲು ಆ ಡಬ್ಬವನ್ನು ಪಕ್ಕಕ್ಕೆ ಇಡಿ. ಅದರಿಂದ ಒಂದೊಂದೇ ಸ್ಕ್ರೂ ತೆಗೆದು ಇದು ಎಲ್ಲಿಯದು ಅಂತ ಹುಡುಕುತ್ತಾ ಕೂತರೆ ಕೆಲಸ ಮುಗಿಯುವುದೇ ಇಲ್ಲ. 1968ರಿಂದ ಈಚೆಗೆ ಆ ಡೋರ್ ಪ್ಯಾಡ್‌ಗಳನ್ನು ಎಷ್ಟು ಜನ ಬಿಚ್ಚಿದ್ದಾರೋ, ಗ್ಲಾಸ್ ಇಳಿಯಲ್ಲ ಅಂತ ಒಬ್ಬರು, ಲಾಕ್ ಬೀಳಲ್ಲ ಅಂತ ಇನ್ನೊಬ್ಬರು, ಮತ್ತೆ ಜೋಡಿಸುವಾಗ ಪ್ರತಿಯೊಬ್ಬರೂ ಕೈಗೆ ಸಿಕ್ಕಿದ್ದನ್ನೇ ಹಾಕಿರುತ್ತಾರೆ. ಹಾಗಾಗಿ ಡಬ್ಬದಲ್ಲಿ ಇರೋದೆಲ್ಲ ನಿಮ್ಮ ಗಾಡಿಯದೇ ಅನ್ನುವ ಭರವಸೆ ಇಲ್ಲ. ಡಬ್ಬವನ್ನು ನಂಬಬೇಡಿ, ತೂತನ್ನು ನಂಬಿ. ಮೊದಲು ತೂತು ನೋಡಿ ಅಲ್ಲಿ ಎಂಥ ಸ್ಕ್ರೂ ಇರಬೇಕು ಅಂತ ಬರೆದುಕೊಳ್ಳಿ. ಆಮೇಲೆ ಡಬ್ಬಕ್ಕೆ ಕೈ ಹಾಕಿ.

ತೂತು ಮೂರು ಥರ ಇರುತ್ತದೆ. ಬರೀ ತಗಡಿನಲ್ಲಿ ಹೊಡೆದ ತೂತು, ಹಿಂದೆ ಏನೂ ಇಲ್ಲ. ಅಲ್ಲಿಗೆ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ, ತಗಡಿನಲ್ಲಿ ತಾನೇ ಥ್ರೆಡ್ ಮಾಡಿಕೊಂಡು ಹೋಗುವಂಥದ್ದು. ಇನ್ನು ಕೆಲವು ಕಡೆ ತಗಡಿನ ಅಂಚಿಗೆ ಸ್ಪ್ರಿಂಗ್ ಸ್ಟೀಲಿನ ಒಂದು ಕ್ಲಿಪ್ ಸಿಕ್ಕಿಸಿರುತ್ತಾರೆ, ಸ್ಪೀಡ್ ನಟ್ ಅಂತಾರೆ. ಅಲ್ಲಿಗೂ ಸೆಲ್ಫ್ ಟ್ಯಾಪಿಂಗ್ ಸ್ಕ್ರೂವೇ, ಆದರೆ ತಗಡಿನ ತೂತು ದೊಡ್ಡದಿರುತ್ತದೆ. ಅದನ್ನು ಅಳೆದರೆ ಮೋಸ ಹೋಗುತ್ತೀರಿ, ಕ್ಲಿಪ್‌ನ ಎರಡು ನಾಲಿಗೆಗಳ ನಡುವಿನ ಜಾಗ ನೋಡಬೇಕು. ಮೂರನೆಯದು ಥ್ರೆಡ್ ಇರುವ ತೂತು, ಅಥವಾ ಹಿಂದೆ ನಟ್ ವೆಲ್ಡ್ ಮಾಡಿರುವುದು. ಅಲ್ಲಿಗೆ ಮೆಷಿನ್ ಸ್ಕ್ರೂ, ನಟ್‌ಗೆ ತಿರುಗಿಸುವ ಬೋಲ್ಟ್ ಥರದ್ದು. ಈ ಮೂರನೆಯದಕ್ಕೆ ಸೆಲ್ಫ್ ಸ್ಕ್ರೂ ತುರುಕಿ ಥ್ರೆಡ್ ಹಾಳು ಮಾಡಿರುವುದನ್ನು ಎಷ್ಟೋ ಗಾಡಿಗಳಲ್ಲಿ ನೋಡಿದ್ದೇನೆ. ನಿಮ್ಮದರಲ್ಲೂ ಒಂದೆರಡು ಸಿಕ್ಕೇ ಸಿಗುತ್ತವೆ. ಟಾರ್ಚ್ ಬಿಟ್ಟು ಒಳಗೆ ನೋಡಿ.

ತೂತು ನೋಡಿದ ಮೇಲೆ ಅದರ ಮೇಲೆ ಕೂರುವ ಭಾಗವನ್ನು ನೋಡಿ, ಅಂದರೆ ಡೋರ್ ಪ್ಯಾಡ್, ಪ್ಲೇಟ್, ಬೀಡಿಂಗ್. ಸ್ಕ್ರೂವಿನ ತಲೆ ಎಂಥದು ಅಂತ ಇದೇ ಹೇಳುತ್ತದೆ. ರೆಕ್ಸಿನ್ ಮೇಲೆ ತೂತಿನ ಸುತ್ತ ಬಳೆಯಂತೆ ಒತ್ತಿದ ಗುರುತಿದ್ದರೆ ಅಲ್ಲಿ ಕಪ್ ವಾಷರ್ ಇತ್ತು, ಅಂದರೆ ಬಟ್ಟಲಿನಂತೆ ತಗ್ಗಾದ ವಾಷರ್. ಅದರೊಳಗೆ ಕೂರುವುದು ಮೇಲ್ಭಾಗ ಸ್ವಲ್ಪ ಉಬ್ಬಿದ, ಕೆಳಗೆ ಇಳಿಜಾರಾದ ತಲೆ, ಅಂಗಡಿಯಲ್ಲಿ ರೈಸ್ಡ್ ಸಿಎಸ್‌ಕೆ ಅನ್ನುತ್ತಾರೆ. ಚಪ್ಪಟೆ ವೃತ್ತದ ಗುರುತಿದ್ದರೆ ಪ್ಯಾನ್ ಹೆಡ್, ಅಂದರೆ ಕೆಳಭಾಗ ಚಪ್ಪಟೆಯಾದ ತಲೆ. ಅಲ್ಯುಮಿನಿಯಂ ಸಿಲ್ ಪ್ಲೇಟ್‌ನಲ್ಲಿ ತೂತು ಕೊಳವೆ ಬಾಯಿಯಂತೆ ಇಳಿಜಾರಾಗಿದ್ದರೆ ಸಿಎಸ್‌ಕೆ (ಕೌಂಟರ್‌ಸಂಕ್, ತೂತಿನೊಳಗೆ ಇಳಿದು ಕೂರುವ ಇಳಿಜಾರು ತಲೆ) ಬಿಟ್ಟು ಬೇರೆ ಹಾಕಬೇಡಿ. ಅಲ್ಲಿ ಪ್ಯಾನ್ ಹೆಡ್ ಹಾಕಿದರೆ ತಲೆ ಮೇಲೆದ್ದು ನಿಲ್ಲುತ್ತದೆ, ಹತ್ತಿ ಇಳಿಯುವಾಗ ಚಪ್ಪಲಿ ತಾಗುತ್ತದೆ, ಸೀರೆ ಅಂಚು ಸಿಕ್ಕಿಕೊಳ್ಳುತ್ತದೆ. ಪ್ಯಾಡ್‌ಗಳಿಗೆ ಈಗಾಗಲೇ ಹೊಸ ರೆಕ್ಸಿನ್ ಹೊಡೆಸಿದ್ದೀರಾ? ಹಳೆಯದನ್ನು ಎಸೆದಿಲ್ಲ ತಾನೇ? ಕುಷನ್ ಅಂಗಡಿಯವರಿಗೆ ಫೋನ್ ಮಾಡಿ ಹಳೆ ತುಂಡು ಇದ್ದರೆ ವಾಪಸ್ ತರಿಸಿಕೊಳ್ಳಿ. ಆ ಒತ್ತಿದ ಗುರುತುಗಳು ನಿಮಗೆ ಸಿಗುವ ದೊಡ್ಡ ಸಾಕ್ಷಿ.

ಸಾಕ್ಷಿ ಸಿಗುವ ಇನ್ನೊಂದು ಜಾಗ, ಯಾರೂ ಕೈ ಹಾಕದ ಮೂಲೆಗಳು. ಡೋರ್‌ಗಳನ್ನು ಹತ್ತು ಜನ ಬಿಚ್ಚಿರುತ್ತಾರೆ. ಆದರೆ ಡ್ಯಾಶ್‌ಬೋರ್ಡ್‌ನ ಕೆಳಗಿನ ಒಳ ಅಂಚು, ಹಿಂದಿನ ಸೀಟ್ ಕೆಳಗೆ, ಹಿಂದಿನ ಗ್ಲಾಸ್ ಬಳಿಯ ಹಲಗೆ, ಡಿಕ್ಕಿಯೊಳಗಿನ ಬದಿಗಳು, ಇಲ್ಲೆಲ್ಲ ಫ್ಯಾಕ್ಟರಿಯಲ್ಲಿ ಹಾಕಿದ ಸ್ಕ್ರೂ ಹಾಗೇ ಉಳಿದಿರುವ ಸಾಧ್ಯತೆ ಜಾಸ್ತಿ. ಅಲ್ಲಿ ಸಿಕ್ಕ ಒಂದೆರಡು ಸ್ಕ್ರೂಗಳ ತಲೆ, ಪ್ಲೇಟಿಂಗ್, ತುದಿ ನೋಡಿಟ್ಟುಕೊಂಡರೆ ಡಬ್ಬದಲ್ಲಿ ಅವುಗಳ ಅಣ್ಣತಮ್ಮಂದಿರನ್ನು ಹುಡುಕಬಹುದು. ಆದರೆ ಸ್ಕ್ರೂವಿನ ಗೀರಿನೊಳಗೆ ಬಾಡಿ ಬಣ್ಣ ಕೂತಿದೆ ಅಂದ ಮಾತ್ರಕ್ಕೆ ಅದು ಒರಿಜಿನಲ್ ಅಂತ ತಿಳಿಯಬೇಡಿ. ಯಾವುದೋ ಕಾಲದಲ್ಲಿ ಬಿಚ್ಚದೆ ಪೇಂಟ್ ಹೊಡೆದಿದ್ದಾರೆ ಅಂತ ಮಾತ್ರ ಅದರ ಅರ್ಥ.

ಈಗ ಅಳತೆ. ಅಂಬಾಸಿಡರ್ ಅಂದರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3, ಕೋಲ್ಕತ್ತಾ ಹತ್ತಿರದ ಉತ್ತರ್‌ಪಾರಾದಲ್ಲಿ ತಯಾರಾಗಿದ್ದು. ಅಲ್ಲಿಗೆ ಬಾಡಿಯ ಲೆಕ್ಕವೆಲ್ಲ ಇಂಚಿನದು. 1990ರ ದಶಕದಲ್ಲಿ ಇಸುಜು ಎಂಜಿನ್ ಬಂದಾಗ ಎಂಜಿನ್ ಮೆಟ್ರಿಕ್ ಆಯಿತು, ಆ ಗಾಡಿಗಳ ಕಥೆ ಬೇರೆ. ನಿಮ್ಮದು ಅಪ್ಪಟ ಇಂಚು. ಪಕ್ಕದಲ್ಲಿ ಪದ್ಮಿನಿ ನಿಂತಿದ್ದರೆ ಅದರ ಡಬ್ಬಕ್ಕೂ ಇದರ ಡಬ್ಬಕ್ಕೂ ನಂಟು ಬೇಡ, ಅದು ಫಿಯಟ್, ಮೆಟ್ರಿಕ್.

ಸೆಲ್ಫ್ ಟ್ಯಾಪಿಂಗ್ ಸ್ಕ್ರೂಗಳಿಗೆ ನಂಬರ್ ಇರುತ್ತದೆ. ಟ್ರಿಮ್‌ಗೆ, ಅಂದರೆ ಒಳಗಿನ ಪ್ಯಾಡ್, ಪ್ಲೇಟ್, ಬೀಡಿಂಗ್‌ಗಳಿಗೆ, ಬರುವುದು ಮುಖ್ಯವಾಗಿ 6, 8, 10. ವರ್ನಿಯರ್ ಕ್ಯಾಲಿಪರ್‌ನಲ್ಲಿ ಥ್ರೆಡ್‌ನ ಹೊರ ಅಳತೆ ಹಿಡಿದರೆ ನಂಬರ್ 6 ಸುಮಾರು 3.5 ಮಿ.ಮೀ., ನಂಬರ್ 8 ಸುಮಾರು 4.2, ನಂಬರ್ 10 ಸುಮಾರು 4.8. ಚಿಕ್ಕ ಬೀಡಿಂಗ್ ಕ್ಲಿಪ್‌ಗಳಲ್ಲಿ ನಂಬರ್ 4 ಸಿಕ್ಕರೂ ಸಿಗಬಹುದು, ಅದು 2.9. ಈಗಿನ ಪ್ಯಾಕೆಟ್ ಮೇಲೆ 4.2 × 19 ಅಂತ ಬರೆದಿದ್ದರೆ ಅದು ನಂಬರ್ 8, ಮುಕ್ಕಾಲು ಇಂಚು ಉದ್ದ. 13 ಅಂದರೆ ಅರ್ಧ ಇಂಚು, 25 ಅಂದರೆ ಒಂದು ಇಂಚು. ಇಷ್ಟು ಗೊತ್ತಿದ್ದರೆ ಅಂಗಡಿಯವರ ಜೊತೆ ಜಗಳ ಬರಲ್ಲ.

ದಪ್ಪ ಸರಿಯಿದ್ದರೆ ಸಾಲದು, ಥ್ರೆಡ್ ಎಷ್ಟು ಒತ್ತಾಗಿದೆ ಅನ್ನುವುದನ್ನೂ ನೋಡಬೇಕು. ಹಳೆ ಕಾಲದಲ್ಲಿ ಟೈಪ್ ಎ ಅಂತ ಒಂದು ಬಗೆ ಇತ್ತು, ಚೂಪು ತುದಿ, ಥ್ರೆಡ್ ದೂರ ದೂರ. ನಂಬರ್ 8ರಲ್ಲಿ ಇಂಚಿಗೆ 15 ಸುತ್ತು. ಈಗ ಅಂಗಡಿಯಲ್ಲಿ ಸಿಗುವುದು ಬಹುತೇಕ ಟೈಪ್ ಎಬಿ. ಅದರಲ್ಲೂ ತುದಿ ಚೂಪೇ, ಆದರೆ ಅದೇ ನಂಬರ್ 8ಕ್ಕೆ ಇಂಚಿಗೆ 18 ಸುತ್ತು. ಟೈಪ್ ಬಿ ಅಂತ ಮೊಂಡು ತುದಿಯದೂ ಒಂದಿದೆ, ಅದಕ್ಕೂ 18ರ ಲೆಕ್ಕವೇ. ಎ ಇದ್ದ ತೂತಿಗೆ ಎಬಿ ಹಾಕಬಹುದು, ಹಿಡಿಯುತ್ತದೆ, ಆದರೆ ತೂತಿನ ಅಂಚು ಹಳೆ ಸುತ್ತಿಗೆ ಬಗ್ಗಿರುವುದರಿಂದ ಮೊದಲ ಸುತ್ತಿನಲ್ಲಿ ಸ್ವಲ್ಪ ಒರಟಾಗಿ ಹೋಗುತ್ತದೆ. ಮೊಂಡು ತುದಿಯ ಸ್ಕ್ರೂ ಡಬ್ಬದಲ್ಲಿ ಸಿಕ್ಕರೆ ತುಂಡಾಗಿದೆ ಅಂತ ಎಸೆಯಬೇಡಿ. ತಗಡಿನ ಹಿಂದೆ ವೈರಿಂಗ್ ಹೋಗುವ ಕಡೆ ಅದೇ ಒಳ್ಳೆಯದು. ಚೂಪು ತುದಿ ವೈರಿನ ಮೈ ಚುಚ್ಚಿ ಶಾರ್ಟ್ ಆದರೆ ಆ ಕಾಲದ ಗಾಡಿಯಲ್ಲಿ ಫ್ಯೂಸ್‌ಗಳೂ ಕಡಿಮೆ.

ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಇರುವ ಅಂತರವೇ ಪಿಚ್. ಅದನ್ನು ಅಳೆಯುವ ಪಿಚ್ ಗೇಜ್ ಇಲ್ಲದಿದ್ದರೂ ಪರವಾಗಿಲ್ಲ. ಎರಡು ಸ್ಕ್ರೂಗಳನ್ನು ಒಂದರ ತಲೆ ಒಂದು ಕಡೆ, ಇನ್ನೊಂದರ ತಲೆ ಇನ್ನೊಂದು ಕಡೆ ಮಾಡಿ, ಥ್ರೆಡ್‌ಗೆ ಥ್ರೆಡ್ ಸೇರಿಸಿ ಬೆಳಕಿಗೆ ಹಿಡಿಯಿರಿ. ಒಂದೇ ಪಿಚ್ ಆದರೆ ಹಲ್ಲುಗಳು ಒಂದರೊಳಗೊಂದು ಕೂತು ನಡುವೆ ಬೆಳಕು ಕಾಣುವುದಿಲ್ಲ. ಬೇರೆಯಾದರೆ ಎಲ್ಲೋ ಒಂದು ಕಡೆ ಎದ್ದು ನಿಲ್ಲುತ್ತದೆ. ಡಬ್ಬ ವಿಂಗಡಿಸಲು ಇದಕ್ಕಿಂತ ಬೇಗದ ದಾರಿ ಇಲ್ಲ.

ಮೆಷಿನ್ ಸ್ಕ್ರೂಗಳಲ್ಲಿ ಗೊಂದಲ ಜಾಸ್ತಿ. ನಿಮ್ಮ ಹಿತ್ತಾಳೆ ಸ್ಕ್ರೂಗಳ ವಿಷಯವೂ ಇಲ್ಲೇ ಬರುತ್ತದೆ. ಅಂಬಾಸಿಡರ್ ಬಾಡಿಯಲ್ಲಿ ಮೆಷಿನ್ ಥ್ರೆಡ್ ಅಂದರೆ ಸಾಮಾನ್ಯವಾಗಿ ಯುಎನ್‌ಎಫ್, ಅಂದರೆ ಇಂಚಿನ ಲೆಕ್ಕದ, ಒತ್ತಾದ ಸುತ್ತಿನ ಥ್ರೆಡ್. ಸಣ್ಣದರಲ್ಲಿ 10-32, ಅಂದರೆ ನಂಬರ್ 10 ದಪ್ಪ, ಇಂಚಿಗೆ 32 ಸುತ್ತು. ದೊಡ್ಡದರಲ್ಲಿ ಕಾಲು ಇಂಚು, 28 ಸುತ್ತು. ಈ 10-32 ದಪ್ಪದಲ್ಲಿ ನಂಬರ್ 10 ಸೆಲ್ಫ್ ಸ್ಕ್ರೂವಿನಷ್ಟೇ ಇರುತ್ತದೆ, 4.83 ಮಿ.ಮೀ., ಹಾಗಾಗಿಯೇ ಜನ ಒಂದರ ಜಾಗಕ್ಕೆ ಇನ್ನೊಂದನ್ನು ತಿರುಗಿಸಿ ನಟ್ ಹಾಳು ಮಾಡುವುದು. ಆದರೆ ಲೂಕಾಸ್ ಎಲೆಕ್ಟ್ರಿಕಲ್ ಸಾಮಾನು, ಸ್ಮಿತ್ಸ್ ಮೀಟರ್, ಇಂಥ ಬ್ರಿಟಿಷ್ ಮೂಲದ ಭಾಗಗಳಲ್ಲಿ ಬಿಎ (ಬ್ರಿಟಿಷ್ ಅಸೋಸಿಯೇಷನ್) ಅನ್ನುವ ಬೇರೆಯದೇ ಥ್ರೆಡ್ ಬರುತ್ತದೆ. 2ಬಿಎ ಅಂದರೆ 4.7 ಮಿ.ಮೀ., 4ಬಿಎ 3.6, 6ಬಿಎ 2.8. ಬಿಎನಲ್ಲಿ ನಂಬರ್ ದೊಡ್ಡದಾದಷ್ಟೂ ಸ್ಕ್ರೂ ಚಿಕ್ಕದು, ಸೆಲ್ಫ್ ಸ್ಕ್ರೂಗೆ ಪೂರ್ತಿ ಉಲ್ಟಾ. ಆ ಕಾಲದ ಇಂಗ್ಲಿಷರಿಗೆ ಮಾತ್ರ ಇಂಥದ್ದು ಹೊಳೆಯಲು ಸಾಧ್ಯ.

ನಿಮ್ಮ ಹಿತ್ತಾಳೆ ಸ್ಕ್ರೂಗಳನ್ನು ಅಳೆದು ನೋಡಿ. 3.6 ಅಥವಾ 2.8 ಬಂದರೆ ಅವು ಟ್ರಿಮ್‌ನವು ಅಲ್ಲವೇ ಅಲ್ಲ. ಸ್ವಿಚ್, ಒಳಗಿನ ಲೈಟ್, ಮೀಟರ್ ಹಿಂಭಾಗ, ಇಂಥ ಕಡೆಯಿಂದ ಬಂದಿರುತ್ತವೆ. ಡ್ಯಾಶ್ ಬಿಚ್ಚಿದವರು ಅವನ್ನೂ ಇದೇ ಡಬ್ಬಕ್ಕೆ ಹಾಕಿದ್ದಾರೆ, ಅಷ್ಟೇ. ಅವನ್ನು ಜೋಪಾನ ಮಾಡಿ. 6ಬಿಎ ತೂತಿಗೆ 3 ಮಿ.ಮೀ. ಮೆಟ್ರಿಕ್ ಸ್ಕ್ರೂವನ್ನು ಒತ್ತಾಯದಿಂದ ತಿರುಗಿಸಿದರೆ ಬೇಕಲೈಟ್ ಸ್ವಿಚ್ ಸೀಳುತ್ತದೆ. ಆ ಸ್ವಿಚ್ ಹುಡುಕಲು ಹೊರಟರೆ ಆಗ ಗೊತ್ತಾಗುತ್ತದೆ ಸ್ಕ್ರೂವಿನ ಬೆಲೆ.

ಇಲ್ಲೇ ಒಂದು ಎಚ್ಚರಿಕೆ. 2ಬಿಎ, 10-32 ಮತ್ತು ಮೆಟ್ರಿಕ್ 5 ಮಿ.ಮೀ., ಈ ಮೂರೂ ನೋಡಲು ಒಂದೇ ಥರ. ಪಿಚ್ ಕ್ರಮವಾಗಿ 0.81, 0.79, 0.80 ಮಿ.ಮೀ. ಕಣ್ಣಿಗಂತೂ ಗೊತ್ತಾಗುವುದಿಲ್ಲ. ಮೇಲೆ ಹೇಳಿದ ಬೆಳಕಿನ ಪರೀಕ್ಷೆಯೂ ಇಲ್ಲಿ ಕೈ ಕೊಡುತ್ತದೆ. ಚಿಕ್ಕದನ್ನು ದೊಡ್ಡ ನಟ್‌ಗೆ ಹಾಕಿದರೆ ಸರಾಗವಾಗಿ ಹೋಗುತ್ತದೆ, ಸರಿಯಾಯಿತು ಅಂದುಕೊಳ್ಳುತ್ತೀರಿ, ಬಿಗಿ ಮಾಡುವಾಗ ಜಾರುತ್ತದೆ ಇಲ್ಲವೇ ಗಾಡಿ ಓಡುವಾಗ ಅಲುಗಿ ಬಿಚ್ಚಿಕೊಳ್ಳುತ್ತದೆ. 5 ಮಿ.ಮೀ.ಯನ್ನು 10-32 ನಟ್‌ಗೆ ಹಾಕಿದರೆ ಒಂದೆರಡು ಸುತ್ತು ಹೋಗಿ ಹಿಡಿದುಕೊಳ್ಳುತ್ತದೆ, ಆಗ ಯಾರೋ ಗುಂಡಿಗೆ ಗಟ್ಟಿ ಮಾಡಿ ಸ್ಪ್ಯಾನರ್ ಹಾಕಿ ತಿರುಗಿಸಿ ನಟ್ ಕಿತ್ತು ಬರುವ ಹಾಗೆ ಮಾಡುತ್ತಾರೆ. ವರ್ನಿಯರ್‌ನಲ್ಲಿ 4.7, 4.8, 5.0 ಬೇರ್ಪಡಿಸಿ ಓದಿ. ಥ್ರೆಡ್ ಸವೆದಿರದ ಜಾಗದಲ್ಲಿ ಹಿಡಿಯಿರಿ. ಗೊತ್ತಿರುವ ಹೊಸ ನಟ್ ಮೂರೂ ಬಗೆಯದು ಒಂದೊಂದು ಇಟ್ಟುಕೊಂಡರೆ ಇನ್ನೂ ಸುಲಭ, ಅಲುಗಾಡದೆ, ಹಿಡಿಯದೆ ಯಾವುದರಲ್ಲಿ ಪೂರ್ತಿ ಹೋಗುತ್ತದೋ ಅದೇ.

ಉದ್ದ ಅಳೆಯುವ ಕ್ರಮ ತಲೆಯ ಮೇಲೆ ಹೋಗುತ್ತದೆ. ಪ್ಯಾನ್ ಹೆಡ್ ಆದರೆ ತಲೆಯ ಕೆಳಗಿನಿಂದ ತುದಿಯವರೆಗೆ. ಸಿಎಸ್‌ಕೆ ಆದರೆ ತಲೆಯೂ ಸೇರಿ. ರೈಸ್ಡ್ ಸಿಎಸ್‌ಕೆ ಆದರೆ ಇಳಿಜಾರು ಶುರುವಾಗುವ ಅಂಚಿನಿಂದ, ಮೇಲಿನ ಉಬ್ಬು ಲೆಕ್ಕಕ್ಕಿಲ್ಲ. ಡೋರ್‌ನಲ್ಲಿ ಉದ್ದ ಮುಖ್ಯ. ಕಾಲು ಇಂಚು ಜಾಸ್ತಿಯಾದರೂ ತುದಿ ಗ್ಲಾಸ್‌ಗೋ ಗ್ಲಾಸ್ ಎತ್ತುವ ಮೆಕ್ಯಾನಿಸಂಗೋ ತಾಗಬಹುದು. ಹಾಕಿದ ಮೇಲೆ ಪ್ಯಾಡ್ ಪೂರ್ತಿ ಮುಚ್ಚುವ ಮೊದಲೇ ಗ್ಲಾಸ್ ಒಮ್ಮೆ ಪೂರ್ತಿ ಇಳಿಸಿ ಏರಿಸಿ ನೋಡಿ.

ಮೈನಸ್ಸೋ ಸ್ಟಾರೋ? ಇದರ ಮೇಲೆ ಜನ ತುಂಬಾ ಜಗಳ ಆಡುತ್ತಾರೆ. ನಾವು ಸ್ಟಾರ್ ಅನ್ನುವ ಫಿಲಿಪ್ಸ್ ತಲೆ 1930ರ ದಶಕದಲ್ಲೇ ಅಮೆರಿಕದ ಕಾರುಗಳಿಗೆ ಬಂದಿತ್ತು, ಹಾಗಾಗಿ 1968ರ ಗಾಡಿಯಲ್ಲಿ ಸ್ಟಾರ್ ಕಂಡ ತಕ್ಷಣ ನಕಲಿ ಅನ್ನುವ ಹಾಗಿಲ್ಲ. ಮೈನಸ್ ಕಂಡ ತಕ್ಷಣ ಒರಿಜಿನಲ್ ಅನ್ನುವ ಹಾಗೂ ಇಲ್ಲ. ಸ್ಟಾರ್‌ನ ಒಳಗೆ ಹತ್ತಿರದಿಂದ ನೋಡಿ. ನಾಲ್ಕು ಮೂಲೆಗಳ ನಡುವೆ ಸಣ್ಣ ಗೀರುಗಳಿದ್ದರೆ ಅದು ಪೋಜಿಡ್ರಿವ್, ಬ್ರಿಟನ್‌ನಲ್ಲಿ 1960ರ ದಶಕದಲ್ಲಿ ಶುರುವಾದದ್ದು. 1950ರ ದಶಕದ ಡಿಸೈನಿನ ಗಾಡಿಯಲ್ಲಿ ಅದು ಕಂಡರೆ ನನಗೆ ಅನುಮಾನ ಬರುತ್ತದೆ. ತಲೆಯ ಮೇಲೆ ಒಂದು ಸಣ್ಣ ಚುಕ್ಕೆ ಇದ್ದರೆ ಅದು ಜಪಾನಿನ ಜೆಐಎಸ್ ತಲೆ, ಯಾವುದೋ ಮಾರುತಿ 800 ಅಥವಾ ಬೈಕಿನಿಂದ ಬಂದು ಸೇರಿಕೊಂಡಿದೆ. ಅದನ್ನಂತೂ ಧೈರ್ಯವಾಗಿ ಹೊರಗಿಡಿ, ಮಾರುತಿ ಬಂದದ್ದೇ 1983ರ ಕೊನೆಯಲ್ಲಿ. ನನ್ನ ಅಭಿಪ್ರಾಯ ಕೇಳಿದರೆ, ಒಂದೇ ಸಾಲಿನಲ್ಲಿ ಕಣ್ಣಿಗೆ ಕಾಣುವ ಸ್ಕ್ರೂಗಳು ಒಂದೇ ಬಗೆ ಇರಲಿ. ಕೈ ಹಾಕದ ಮೂಲೆಯಲ್ಲಿ ಸಿಕ್ಕ ಸಾಕ್ಷಿ ಏನು ಹೇಳುತ್ತದೋ ಅದನ್ನು ಹಾಕಿ.

ಆ ಕಪ್ಪು ಜಿಪ್ಸಮ್ ಸ್ಕ್ರೂಗಳನ್ನು ಇವತ್ತೇ ಎಸೆಯಿರಿ. ಫಾಲ್ಸ್ ಸೀಲಿಂಗ್‌ಗೆ ಮಾಡಿದವು, ತಲೆಯ ಕೆಳಗಿನ ಬಾಗು ಕಪ್ ವಾಷರ್‌ಗೆ ಕೂರುವುದಿಲ್ಲ, ಒತ್ತಿದರೆ ತಲೆ ಕಿತ್ತು ಬರುತ್ತದೆ, ತೇವ ಸೋಕಿದರೆ ತುಕ್ಕು. ಡ್ರಿಲ್ ಮೆಷಿನ್‌ನಲ್ಲಿ ಬೇಗ ಹೋಗುತ್ತದೆ ಅನ್ನುವ ಒಂದೇ ಕಾರಣಕ್ಕೆ ಹಾಕುತ್ತಾರೆ.

ಸ್ಟೈನ್‌ಲೆಸ್ ಬಗ್ಗೆ ಕೇಳಿದ್ದೀರಿ. ಹಿಡಿತದ ದೃಷ್ಟಿಯಿಂದ ತೊಂದರೆ ಇಲ್ಲ. ಗಾಡಿ ಮಂಗಳೂರು, ಕಾರವಾರದ ಕಡೆ ಇರುವುದಾದರೆ ನಾನೂ ಕಾಣದ ಜಾಗಗಳಿಗೆ ಅದನ್ನೇ ಹೇಳುತ್ತೇನೆ. ಆದರೆ ಕಾಣುವ ಕಡೆ ಬಣ್ಣ ಸೇರುವುದಿಲ್ಲ. ಕ್ರೋಮ್‌ನಲ್ಲಿ ಸ್ವಲ್ಪ ನೀಲಿ ಛಾಯೆ, ನಿಕಲ್‌ನಲ್ಲಿ ಸ್ವಲ್ಪ ಹಳದಿ, ಸ್ಟೈನ್‌ಲೆಸ್ ಬೂದು. ಕ್ರೋಮ್ ಹ್ಯಾಂಡಲ್ ಪಕ್ಕ ಸ್ಟೈನ್‌ಲೆಸ್ ಸ್ಕ್ರೂ ಎದ್ದು ಕಾಣುತ್ತದೆ, ಗೊತ್ತಿರುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಅಲ್ಯುಮಿನಿಯಂ ಸಿಲ್ ಪ್ಲೇಟ್‌ನಲ್ಲಿ ಇನ್ನೊಂದು ಸಮಸ್ಯೆ: ಮಳೆಗಾಲದಲ್ಲಿ ಒದ್ದೆ ಕಾಲಿನಿಂದ ನೀರು ಬಿದ್ದು ನಿಂತರೆ, ಸ್ಟೈನ್‌ಲೆಸ್ ಸುತ್ತ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ತಿನ್ನಿಸಿಕೊಳ್ಳುತ್ತದೆ. ಇನ್ನೊಂದು ವಿಷಯ ತಲೆಯ ಇಳಿಜಾರು. ಈಗಿನ ಮೆಟ್ರಿಕ್ ಸಿಎಸ್‌ಕೆ ತಲೆ 90 ಡಿಗ್ರಿ, ಇಂಚಿನ ಕಾಲದ್ದು 80ರಿಂದ 82. ಹಳೆ ಪ್ಲೇಟಿನ ಇಳಿಜಾರಿನಲ್ಲಿ ಹೊಸ ತಲೆ ಅಂಚಿನಲ್ಲಿ ಮಾತ್ರ ಕೂರುತ್ತದೆ. ಸಣ್ಣ ವಿಷಯ, ಆದರೆ ತೆಳು ಪ್ಲೇಟ್ ಅಲ್ಲಿಂದಲೇ ಬಗ್ಗುವುದು.

ಹಳೆಯ ಸ್ಕ್ರೂ ಚೆನ್ನಾಗಿದ್ದು ಪ್ಲೇಟಿಂಗ್ ಮಾತ್ರ ಹೋಗಿದ್ದರೆ ಅದಕ್ಕೇ ಮತ್ತೆ ಮಾಡಿಸಿ. ತುಕ್ಕು ತೆಗೆದು, ತಲೆಗೆ ಸಣ್ಣ ಎಮರಿ ಹೊಡೆದು, ತಾಮ್ರದ ತಂತಿಗೆ ಸಾಲಾಗಿ ಕಟ್ಟಿ ಕೊಡಿ, ಇಲ್ಲದಿದ್ದರೆ ಅರ್ಧ ಸ್ಕ್ರೂಗಳು ಪ್ಲೇಟಿಂಗ್ ತೊಟ್ಟಿಯ ತಳದಲ್ಲೇ ಉಳಿಯುತ್ತವೆ. ಬೆಂಗಳೂರಿನ ಪೀಣ್ಯದಲ್ಲಿ ಪ್ಲೇಟಿಂಗ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಸಣ್ಣ ಕೆಲಸ ಅಂತ ಮೂಗು ಮುರಿದರೆ ಬಂಪರ್ ಜೊತೆಗೆ ಕೊಡಿ. ಹೊಸದು ಬೇಕಾದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕಪ್ ವಾಷರ್, ಸ್ಪೀಡ್ ನಟ್ ಕೇಳಿ ನೋಡಿ. ಶಿವಾಜಿನಗರದ ಗುಜರಿಯಲ್ಲಿ ಹಳೆ ಗಾಡಿ ಬಿಚ್ಚಿದ ಸಾಮಾನಿನಲ್ಲೂ ಅದೃಷ್ಟ ಇದ್ದರೆ ಸಿಗುತ್ತದೆ. ನಿಮ್ಮೂರಿನ ಹಳೆ ಹಾರ್ಡ್‌ವೇರ್ ಅಂಗಡಿಯನ್ನೂ ಬಿಡಬೇಡಿ. ಮೇಲಿನ ಅಟ್ಟದಲ್ಲಿ ಧೂಳು ಹಿಡಿದ ಜಿಕೆಡಬ್ಲ್ಯು (ಗೆಸ್ಟ್ ಕೀನ್ ವಿಲಿಯಮ್ಸ್ ಕಂಪನಿ) ಪ್ಯಾಕೆಟ್ ಇದ್ದರೆ, ಮೈನಸ್ ತಲೆಯ ಇಂಚಿನ ಸ್ಕ್ರೂಗಳು, ಒಂದು ಗ್ರೋಸ್ ಅಂದರೆ 144. ಯಜಮಾನರಿಗೂ ಅದು ಹೋದರೆ ಸಾಕು ಅನಿಸಿರುತ್ತದೆ. ಮರದ ಸ್ಕ್ರೂ ಮಾತ್ರ ತಂದುಬಿಡಬೇಡಿ. ತಲೆಯ ಕೆಳಗೆ ಥ್ರೆಡ್ ಇಲ್ಲದ ನಯವಾದ ಭಾಗ ಇದ್ದರೆ ಅದು ಮರದ್ದು, ಸೆಲ್ಫ್ ಟ್ಯಾಪಿಂಗ್‌ಗೆ ಥ್ರೆಡ್ ತಲೆಯವರೆಗೂ ಬರುತ್ತದೆ.

ಪುಸ್ತಕದಲ್ಲಿ ನೋಡುತ್ತೀರಾದರೆ ವರ್ಕ್‌ಶಾಪ್ ಮ್ಯಾನ್ಯುಯಲ್‌ಗಿಂತ ಪಾರ್ಟ್ಸ್ ಕ್ಯಾಟಲಾಗ್ ಮೇಲು. ಮ್ಯಾನ್ಯುಯಲ್ ಸ್ಕ್ರೂ ಬಿಚ್ಚಿ ಅನ್ನುತ್ತದೆ, ಯಾವ ಸ್ಕ್ರೂ ಅನ್ನುವುದಿಲ್ಲ. ಆದರೂ ಕ್ಯಾಟಲಾಗ್‌ಗೂ ಗಾಡಿಗೂ ತಾಳೆ ಬರದಿದ್ದರೆ ಗಾಡಿಯ ಮಾತೇ ಕೇಳಿ. ಒಂದೇ ಮಾಡೆಲ್‌ನ ಎರಡು ಅಂಬಾಸಿಡರ್‌ಗಳಲ್ಲಿ ಬೇರೆ ಬೇರೆ ಸ್ಕ್ರೂ ಇರುವುದನ್ನು ನೋಡಿದವನು ನಾನು.

ಕೆಲವು ತೂತುಗಳು ಹಿಗ್ಗಿ ಹೋಗಿರುತ್ತವೆ. ಟಿಂಕರ್‌ಗಳ ಉತ್ತರ ಒಂದೇ, ದೊಡ್ಡ ನಂಬರ್ ಹಾಕು ಅಂತ. ಹಾಗೆ ಮಾಡಿದರೆ ತಲೆಯೂ ದೊಡ್ಡದಾಗುತ್ತದೆ, ಕಪ್ ವಾಷರ್ ಹೊಂದುವುದಿಲ್ಲ, ಮುಂದಿನ ಸಲ ಅದೂ ಸಡಿಲ. ಪೇಂಟ್ ಇನ್ನೂ ಆಗದಿದ್ದರೆ ವೆಲ್ಡ್ ತುಂಬಿಸಿ, ಗ್ರೈಂಡ್ ಮಾಡಿ, ಹೊಸದಾಗಿ ತೂತು ಹೊಡೆಸಿ. 1 ಮಿ.ಮೀ. ಹತ್ತಿರದ ತಗಡಿಗೆ ನಂಬರ್ 6ಕ್ಕೆ 2.8, ನಂಬರ್ 8ಕ್ಕೆ 3.2, ನಂಬರ್ 10ಕ್ಕೆ 3.7 ಮಿ.ಮೀ. ಬಿಟ್ ಸರಿಹೋಗುತ್ತದೆ. ಪೇಂಟ್ ಆಗಿದ್ದರೆ, ಅಂಚು ಹತ್ತಿರ ಇರುವ ಕಡೆ ಸ್ಪೀಡ್ ನಟ್ ಸಿಕ್ಕಿಸಿ ಅದೇ ನಂಬರ್ ಉಳಿಸಿಕೊಳ್ಳಿ.

ಹಾಕುವಾಗ ಡ್ರಿಲ್ ಮೆಷಿನ್ ದೂರ ಇರಲಿ, ಕೈಯಿಂದಲೇ ತಿರುಗಿಸಿ. ಮೊದಲು ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ. ಟಕ್ ಅಂತ ಒಂದು ಸಣ್ಣ ಇಳಿತ ಕೈಗೆ ಗೊತ್ತಾಗುತ್ತದೆ, ಅಂದರೆ ಹಳೆ ಸುತ್ತು ಸಿಕ್ಕಿದೆ. ಅಲ್ಲಿಂದ ಮುಂದಕ್ಕೆ. ಥ್ರೆಡ್‌ಗೆ ಸ್ವಲ್ಪ ಮೇಣದ ಬತ್ತಿ ಉಜ್ಜಿದರೆ ಸರಾಗ. ರೆಕ್ಸಿನ್ ಸುಕ್ಕಾಗುವವರೆಗೆ ಬಿಗಿ ಬೇಡ.

ಎಲ್ಲ ಡೋರ್‌ಗೂ ಒಟ್ಟಿಗೆ ಖರೀದಿ ಮಾಡಲು ಹೋಗಬೇಡಿ. ಒಂದು ಡೋರ್ ಆರಿಸಿಕೊಂಡು ತೂತುಗಳ ಚಿತ್ರ ಬರೆದು, ಪಕ್ಕದಲ್ಲಿ ನಂಬರ್, ಉದ್ದ, ತಲೆ ಬರೆದು, ಬೇಕಾದ ಪ್ರತಿ ಬಗೆಯದೂ ಐದೈದು ತಂದು ಕೂರಿಸಿ ನೋಡಿ. ಗ್ಲಾಸ್ ಇಳಿದು ಏರಿ, ಹ್ಯಾಂಡಲ್ ತಿರುಗಿ, ಪ್ಯಾಡ್ ಅಲುಗದೆ ನಿಂತ ಮೇಲೆ ಆ ಚೀಟಿ ಹಿಡಿದುಕೊಂಡು ಉಳಿದ ಮೂರು ಡೋರ್‌ಗೆ ತನ್ನಿ. ಕಪ್ ವಾಷರ್ ಮಾತ್ರ ನಾಲ್ಕು ಜಾಸ್ತಿಯೇ ಇರಲಿ, ಅವು ಉರುಳಿ ಡೋರ್ ಒಳಗೆ ಬೀಳುವುದರಲ್ಲಿ ಹುಷಾರು.